ಶೇಕಡಾ ಮೂರು ಮತ, ಒಂದು ಕಾಲುವೆ, ಒಂದು ರಿಯಾಕ್ಟರು: ಡೊಮಿನಿಕ್ ವಾಯ್ನೆ ರಾಜಕಾರಣ

1995ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಚುನಾವಣೆಗೆ ನಿಂತಿದ್ದವರು ಒಂಬತ್ತು ಮಂದಿ. ಹಸಿರು ಪಕ್ಷದ ಡೊಮಿನಿಕ್ ವಾಯ್ನೆ ಅವರಿಗೆ ಸಿಕ್ಕಿದ್ದು ಶೇ. 3.32 ಮತ, ಎಂಟನೆಯ ಸ್ಥಾನ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಪರಿಸರ ಸಚಿವೆಯಾಗಿದ್ದರು. ಅಧಿಕಾರಕ್ಕೆ ಬಂದ ತಿಂಗಳೊಳಗೇ ಅವರಿದ್ದ ಸರ್ಕಾರ 229 ಕಿಲೋಮೀಟರ್ ಉದ್ದದ ಹಡಗು ಕಾಲುವೆಯ ಯೋಜನೆಯನ್ನೂ, 1,200 ಮೆಗಾವಾಟ್ ಸಾಮರ್ಥ್ಯದ ಪರಮಾಣು ರಿಯಾಕ್ಟರನ್ನೂ ಕೈಬಿಡುವುದಾಗಿ ಘೋಷಿಸಿತು.

ನೂರಕ್ಕೆ ಮೂರು ಮತ ಪಡೆದವರ ಮಾತು ಇಷ್ಟು ನಡೆದದ್ದು ಹೇಗೆ? ಫ್ರಾನ್ಸಿನ ಹಸಿರು ರಾಜಕಾರಣ ಅರ್ಥವಾಗಬೇಕಾದರೆ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಸಾಕು ಎಂಬುದು ನನ್ನ ಅನುಭವ. ಉತ್ತರ ಸಿಗುವುದು ಪರಿಸರ ವಿಜ್ಞಾನದಲ್ಲಿ ಅಲ್ಲ, ಆ ದೇಶದ ಚುನಾವಣೆಯ ಲೆಕ್ಕಾಚಾರದಲ್ಲಿ.

ಕಥೆ ಶುರುವಾಗುವುದು ವಾಯ್ನೆಗಿಂತ ಎರಡು ದಶಕ ಮೊದಲು. 1974ರಲ್ಲಿ ರೆನೆ ದುಮೋಂ ಎಂಬ ಕೃಷಿ ವಿಜ್ಞಾನಿ ಅಧ್ಯಕ್ಷ ಚುನಾವಣೆಗೆ ನಿಂತರು. ಪರಿಸರದ ಹೆಸರಿನಲ್ಲಿ ಆ ಹುದ್ದೆಗೆ ಸ್ಪರ್ಧಿಸಿದ ಮೊದಲಿಗರು ಅವರೇ. ಕೆಂಪು ಸ್ವೆಟರ್ ತೊಟ್ಟು ಟಿ.ವಿ. ಮುಂದೆ ಕೂತು, ಒಂದು ಲೋಟ ನೀರು ಕೈಗೆತ್ತಿಕೊಂಡು, ಇದು ಅಮೂಲ್ಯ, ಹೀಗೇ ಪೋಲು ಮಾಡುತ್ತಾ ಹೋದರೆ ಶತಮಾನ ಮುಗಿಯುವ ಮುನ್ನ ಇದಕ್ಕೂ ಬರ ಬರುತ್ತದೆ ಎಂದು ಹೇಳಿ ಕುಡಿದರು. ಜನ ನೋಡಿದರು, ನೆನಪಿಟ್ಟುಕೊಂಡರು, ಆದರೆ ಮತ ಹಾಕಿದವರು ಶೇ. 1.32 ಮಾತ್ರ. ಚಳವಳಿ ಒಂದು ಪಕ್ಷದ ರೂಪಕ್ಕೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. 1984ರ ಜನವರಿಯಲ್ಲಿ ಹುಟ್ಟಿದ ಆ ಪಕ್ಷದ ಹೆಸರು ‘ಲೆ ವೆರ್’, ಅಂದರೆ ಹಸಿರಿನವರು. ಸ್ಥಾಪಕರ ಸಾಲಿನಲ್ಲಿ ಇಪ್ಪತ್ತೈದು ವರ್ಷದ ವಾಯ್ನೆ ಇದ್ದರು. ಪೂರ್ವ ಫ್ರಾನ್ಸಿನ ಮೊಂಬೆಲಿಯಾರ್‌ನಲ್ಲಿ 1958ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಅರಿವಳಿಕೆ ತಜ್ಞೆ.

1986ರಲ್ಲಿ ಪಕ್ಷದ ಚುಕ್ಕಾಣಿ ಆಂತ್ವಾನ್ ವೆಕ್ಟರ್ ಅವರ ಕೈಗೆ ಬಂತು. ಪರಿಸರವಾದ ಎಡವೂ ಅಲ್ಲ, ಬಲವೂ ಅಲ್ಲ ಎಂಬುದು ವೆಕ್ಟರ್ ನಿಲುವು. ಪರಿಸರವಾದಕ್ಕೆ ವರ ಹುಡುಕಬೇಕಾಗಿಲ್ಲ ಎಂಬ ಅರ್ಥದ ಅವರ ಮಾತು ಫ್ರಾನ್ಸಿನಲ್ಲಿ ಈಗಲೂ ನೆನಪಾಗುತ್ತದೆ. ಯಾರೊಂದಿಗೂ ಮೈತ್ರಿ ಬೇಡ, ನಮ್ಮ ಮತ ನಮಗೆ. 1989ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಈ ದಾರಿ ಫಲ ಕೊಟ್ಟಿತು. ವೆಕ್ಟರ್ ಮುಂದಾಳತ್ವದ ಪಟ್ಟಿಗೆ ಶೇ. 10ಕ್ಕಿಂತ ಹೆಚ್ಚು ಮತ, ಒಂಬತ್ತು ಸೀಟು. ಯುರೋಪಿಯನ್ ಸಂಸತ್ತಿಗೆ ಸೀಟು ಹಂಚುವುದು ಮತ ಪ್ರಮಾಣದ ಮೇಲೆ, ಹಾಗಾಗಿ ಹತ್ತು ಪರ್ಸೆಂಟಿಗೆ ಬೆಲೆಯಿತ್ತು.

ದೇಶದೊಳಗಿನ ಸಂಸತ್ ಚುನಾವಣೆಯ ನಿಯಮ ಬೇರೆ. 577 ಕ್ಷೇತ್ರ, ಒಂದೊಂದಕ್ಕೆ ಒಬ್ಬರೇ ಪ್ರತಿನಿಧಿ, ಮತದಾನ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬೀಳದಿದ್ದರೆ ವಾರದ ನಂತರ ಎರಡನೆಯ ಸುತ್ತು. ಅಲ್ಲಿಗೆ ಹೋಗಲು ಮೊದಲ ಎರಡು ಸ್ಥಾನದಲ್ಲಿರಬೇಕು, ಇಲ್ಲವೇ ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ಶೇ. 12.5ರಷ್ಟು ಜನರ ಮತ ಪಡೆದಿರಬೇಕು. ಚಲಾವಣೆಯಾದ ಮತದಲ್ಲಿ ಅಲ್ಲ, ನೋಂದಾಯಿತರಲ್ಲಿ. ಮೂರನೇ ಒಂದು ಭಾಗ ಜನ ಮತಗಟ್ಟೆಗೇ ಬಾರದಿದ್ದರೆ ಈ ಗೆರೆ ಇನ್ನೂ ಎತ್ತರಕ್ಕೆ ಏರುತ್ತದೆ. ಇಂಥ ವ್ಯವಸ್ಥೆಯಲ್ಲಿ ದೇಶದ ತುಂಬ ತೆಳುವಾಗಿ ಹರಡಿಕೊಂಡ ಪಕ್ಷ ಎಲ್ಲ ಕಡೆ ಮೂರನೆಯದೋ ನಾಲ್ಕನೆಯದೋ ಆಗಿ ಉಳಿಯುತ್ತದೆ. 1993ರಲ್ಲಿ ಆದದ್ದು ಅದೇ. ಪರಿಸರವಾದಿಗಳು ತಮ್ಮ ಎರಡು ಪಕ್ಷಗಳನ್ನು ಜೋಡಿಸಿಕೊಂಡು ನಿಂತರು. ಮತ ಪ್ರಮಾಣ ಶೇ. 7 ದಾಟಿತು, ಸೀಟು ಸೊನ್ನೆ. ನಮ್ಮಲ್ಲಿಯೂ ಸಣ್ಣ ಪಕ್ಷಗಳಿಗೆ ಹೀಗೇ ಆಗುತ್ತದೆ. ಆದರೆ ಅಲ್ಲಿ ಎರಡನೆಯ ಸುತ್ತು ಇರುವುದರಿಂದ ಒಂದು ಕಿಂಡಿ ತೆರೆದೇ ಇರುತ್ತದೆ: ದೊಡ್ಡ ಪಕ್ಷಕ್ಕೆ ಆ ವಾರ ಸಣ್ಣ ಪಕ್ಷದ ಮತ ಬೇಕೇ ಬೇಕು.

ವಾಯ್ನೆ ಕಣ್ಣಿಟ್ಟಿದ್ದು ಈ ಕಿಂಡಿಯ ಮೇಲೆ. 1993ರ ನವೆಂಬರ್‌ನಲ್ಲಿ ಲಿಲ್ ನಗರದಲ್ಲಿ ನಡೆದ ಪಕ್ಷದ ಮಹಾಸಭೆಯಲ್ಲಿ ಅವರ ಬಣದ ನಿಲುವು ಗೆದ್ದಿತು. ಎಡಪಂಥದ ಜೊತೆ ಮಾತಾಡೋಣ, ಷರತ್ತು ಇಟ್ಟು ಮಾತಾಡೋಣ. ವೆಕ್ಟರ್ ಮರುವರ್ಷ ಪಕ್ಷ ಬಿಟ್ಟು ಬೇರೆ ಸಂಘಟನೆ ಕಟ್ಟಿದರು. ಅವರನ್ನು ಹಠಮಾರಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೈತ್ರಿಗೆ ಇಳಿದ ದಿನವೇ ನಿಮ್ಮ ಬೇಡಿಕೆಗೆ ಬೆಲೆಪಟ್ಟಿ ಅಂಟುತ್ತದೆ ಎಂಬ ಅವರ ಅಳುಕು ಆಧಾರವಿಲ್ಲದ್ದಲ್ಲ ಎಂದು ಮುಂದಿನ ವರ್ಷಗಳು ತೋರಿಸಿದವು. ಆದರೆ ಸೊನ್ನೆ ಸೀಟಿನ ಪಕ್ಷ ನದಿಯನ್ನೂ ಉಳಿಸಲಾರದು, ಕಾಡನ್ನೂ ಉಳಿಸಲಾರದು. ಆ ಕಾರಣಕ್ಕೆ ವಾಯ್ನೆ ಹಿಡಿದ ದಾರಿಯೇ ಸರಿ ಎನ್ನುತ್ತೇನೆ.

1997ರ ಜನವರಿಯಲ್ಲಿ ಹಸಿರು ಪಕ್ಷ ಮತ್ತು ಸಮಾಜವಾದಿ ಪಕ್ಷದ ನಡುವೆ ಒಪ್ಪಂದವಾಯಿತು. ಸುಮಾರು ಮೂವತ್ತು ಕ್ಷೇತ್ರಗಳಲ್ಲಿ ಸಮಾಜವಾದಿಗಳು ಮೊದಲ ಸುತ್ತಿನಲ್ಲೇ ಹಿಂದೆ ಸರಿದು ಹಸಿರು ಅಭ್ಯರ್ಥಿಯನ್ನು ಬೆಂಬಲಿಸುವುದು, ಪ್ರತಿಯಾಗಿ ಬಹಳಷ್ಟು ಕ್ಷೇತ್ರಗಳಲ್ಲಿ ಹಸಿರಿನವರು ಅವರ ಪರ ನಿಲ್ಲುವುದು. ಸೀಟಿನ ಜೊತೆ ಕಾರ್ಯಕ್ರಮವೂ ಒಪ್ಪಂದದಲ್ಲಿತ್ತು. ಸೂಪರ್‌ಫೀನಿಕ್ಸ್ ರಿಯಾಕ್ಟರ್ ಮುಚ್ಚಬೇಕು, ರೈನ್-ರೋನ್ ಕಾಲುವೆ ಕೈಬಿಡಬೇಕು. ಚುನಾವಣೆ ಮರುವರ್ಷ ಎಂದುಕೊಂಡಿದ್ದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಜಾಕ್ ಶಿರಾಕ್ ತಮ್ಮ ಬಲಪಂಥೀಯ ಬಹುಮತವನ್ನು ಇನ್ನಷ್ಟು ಭದ್ರ ಮಾಡಿಕೊಳ್ಳುವ ಲೆಕ್ಕದಲ್ಲಿ ಸಂಸತ್ತನ್ನು ದಿಢೀರನೆ ವಿಸರ್ಜಿಸಿದರು. ಲೆಕ್ಕ ತಲೆಕೆಳಗಾಯಿತು. ಎಡಪಂಥ ಗೆದ್ದಿತು, ಸಮಾಜವಾದಿ ನಾಯಕ ಲಿಯೊನೆಲ್ ಜೋಸ್ಪಾನ್ ಪ್ರಧಾನಿಯಾದರು. ಹಸಿರು ಪಕ್ಷಕ್ಕೆ ಏಳು ಸೀಟು. ಅದರಲ್ಲೊಂದು ಜೂರಾ ಜಿಲ್ಲೆಯ ದೋಲ್ ಪಟ್ಟಣದ್ದು, ವಾಯ್ನೆ ಅವರದು.

ಸಮಾಜವಾದಿಗಳಿಗೆ ಸ್ವಂತ ಬಲದ ಬಹುಮತ ಇರಲಿಲ್ಲ. ಸರ್ಕಾರದಲ್ಲಿ ಕಮ್ಯುನಿಸ್ಟರೂ ಇದ್ದರು, ಅವರೋ ಪರಮಾಣು ವಿದ್ಯುತ್ತಿನ ಗಟ್ಟಿ ಸಮರ್ಥಕರು. ಇಂಥ ಸಂಪುಟಕ್ಕೆ ವಾಯ್ನೆ ಹೋದರು. ಅಲ್ಲಿನ ಸಂವಿಧಾನದ ಪ್ರಕಾರ ಸಚಿವರಾದವರು ಸಂಸದರಾಗಿ ಉಳಿಯುವಂತಿಲ್ಲ. ಚುನಾವಣೆಯಲ್ಲಿ ಅಭ್ಯರ್ಥಿಯ ಜೊತೆಗೇ ಹೆಸರಿಸಿದ ಬದಲಿ ವ್ಯಕ್ತಿ ಆ ಕುರ್ಚಿಯಲ್ಲಿ ಕೂರುತ್ತಾರೆ. ಹೀಗಾಗಿ ಸಚಿವೆ ಸದನದಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಸಣ್ಣ ಪಕ್ಷದ ಏಕೈಕ ಸಚಿವೆಗೆ ಈ ನಿಯಮ ಬಿಗಿಯಾಗಿಯೇ ತಾಗುತ್ತದೆ. ಅತೃಪ್ತಿಯನ್ನು ಮತವಾಗಿ ತೋರಿಸಲು ಬರುವುದಿಲ್ಲ. ಉಳಿಯುವುದು ಎರಡೇ: ಸಹಿ ಹಾಕುವುದು ಅಥವಾ ರಾಜೀನಾಮೆ ಕೊಡುವುದು.

ಮೊದಲು ಕಾಲುವೆಯ ವಿಷಯ ನೋಡೋಣ, ಯಾಕೆಂದರೆ ಅದು ಅವರ ಊರಿನದು. ರೈನ್ ನದಿಯನ್ನು ಸೋನ್ ನದಿಗೆ, ಅಲ್ಲಿಂದ ರೋನ್‌ಗೆ ಜೋಡಿಸಿ ಉತ್ತರ ಸಮುದ್ರದಿಂದ ಮೆಡಿಟರೇನಿಯನ್‌ವರೆಗೆ ದೊಡ್ಡ ಸರಕು ದೋಣಿಗಳು ಸಾಗುವಂತೆ ಮಾಡುವ ಯೋಜನೆ. ಹತ್ತೊಂಬತ್ತನೆಯ ಶತಮಾನದ ಸಣ್ಣ ಕಾಲುವೆ ಅಲ್ಲಿ ಮೊದಲೇ ಇತ್ತು, ಬೇಕೆಂದದ್ದು ಅದರ ಹಲವು ಪಟ್ಟು ದೊಡ್ಡದು. ಅದಕ್ಕಾಗಿ ಮೊಂಬೆಲಿಯಾರ್, ಬೆಸಾಂಸೊನ್, ದೋಲ್ ಮಾರ್ಗವಾಗಿ ಹರಿಯುವ ದೂ ನದಿಯ ಕಣಿವೆಯನ್ನು ಅಗೆದು, ತಿರುವುಗಳನ್ನು ನೇರ ಮಾಡಿ, ನದಿಯ ಬಹುಪಾಲನ್ನು, ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್ ಗೇಟುಗಳ ಮೆಟ್ಟಿಲಾಗಿ ಪರಿವರ್ತಿಸಬೇಕಿತ್ತು. ಯೋಜನೆಗೆ 1978ರಲ್ಲೇ ಸರ್ಕಾರದ ಮುದ್ರೆ ಬಿದ್ದಿತ್ತು. ಕಣಿವೆಯ ಜನ ವರ್ಷಗಟ್ಟಲೆ ವಿರೋಧಿಸಿದರು. ಪ್ರವಾಹದ ನೀರು ನಿಲ್ಲುವ ಬಯಲುಗಳು ಹೋಗುತ್ತವೆ, ಕುಡಿಯುವ ನೀರಿನ ಅಂತರ್ಜಲ ಕೆಡುತ್ತದೆ, ಇಷ್ಟೆಲ್ಲ ಮಾಡಿದರೂ ಸಾಗಿಸಲು ಅಷ್ಟು ಸರಕು ಎಲ್ಲಿದೆ ಎಂಬುದು ಅವರ ವಾದ. ಹುಟ್ಟಿದ್ದು, ಸಂಸತ್ತಿಗೆ ಆರಿಸಿ ಬಂದದ್ದು ಎರಡೂ ಈ ಕಣಿವೆಯಲ್ಲೇ ಆದ್ದರಿಂದ ವಾಯ್ನೆ ಅವರಿಗೆ ಇದು ಪ್ರಣಾಳಿಕೆಯ ಒಂದು ಸಾಲಷ್ಟೇ ಆಗಿರಲಿಲ್ಲ. 1997ರ ಜೂನ್ 19ರಂದು ಸರ್ಕಾರದ ನೀತಿ ಭಾಷಣದಲ್ಲಿ ಜೋಸ್ಪಾನ್ ಕಾಲುವೆಗೆ ಇತಿಶ್ರೀ ಹಾಡಿದರು.

ಅದೇ ಭಾಷಣದಲ್ಲಿ ಸೂಪರ್‌ಫೀನಿಕ್ಸ್ ಭವಿಷ್ಯವೂ ತೀರ್ಮಾನವಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ರಿಯಾಕ್ಟರಿನಲ್ಲಿ ಯುರೇನಿಯಂನ ಸಣ್ಣ ಅಂಶ ಮಾತ್ರ ಉರಿಯುತ್ತದೆ. ‘ಫಾಸ್ಟ್ ಬ್ರೀಡರ್’ ಎಂಬ ಬಗೆಯದರಲ್ಲಿ ವೇಗದ ನ್ಯೂಟ್ರಾನ್‌ಗಳು ಉಳಿದ ಯುರೇನಿಯಂ ಅನ್ನು ಪ್ಲುಟೋನಿಯಂ ಆಗಿ ಮಾರ್ಪಡಿಸುತ್ತವೆ, ಅದು ಮತ್ತೆ ಇಂಧನವಾಗುತ್ತದೆ. ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸಬಲ್ಲ ಯಂತ್ರ ಎಂಬುದು ಅದರ ಆಕರ್ಷಣೆ. ತೊಡಕೆಂದರೆ ತಂಪು ಮಾಡಲು ನೀರಿನ ಬದಲು ದ್ರವ ಸೋಡಿಯಂ ಬೇಕು. ಗಾಳಿ ತಾಗಿದರೆ ಹೊತ್ತಿಕೊಳ್ಳುವ, ನೀರು ತಾಗಿದರೆ ಸಿಡಿಯುವ ಲೋಹ ಅದು. ರೋನ್ ದಂಡೆಯ ಕ್ರೇ-ಮಾಲ್ವಿಲ್‌ನಲ್ಲಿ ಕಟ್ಟಿದ ಸೂಪರ್‌ಫೀನಿಕ್ಸ್‌ನಲ್ಲಿ 5,000 ಟನ್‌ಗೂ ಹೆಚ್ಚು ಸೋಡಿಯಂ ಇತ್ತು. 1977ರಲ್ಲಿ ಅಲ್ಲಿ ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಗ್ರೆನೇಡ್ ಸಿಡಿದು ಒಬ್ಬ ಯುವ ಶಿಕ್ಷಕರು ಸತ್ತರು. ಫ್ರಾನ್ಸಿನ ಪರಿಸರವಾದಿಗಳ ಒಂದು ಇಡೀ ತಲೆಮಾರಿಗೆ ಆ ಊರಿನ ಹೆಸರೇ ಗಾಯ.

1986ರಲ್ಲಿ ಗ್ರಿಡ್‌ಗೆ ಸೇರಿದ ಮರುವರ್ಷವೇ ಸೋಡಿಯಂ ಸೋರಿತು. 1990ರಲ್ಲಿ ಹಿಮದ ಭಾರಕ್ಕೆ ಟರ್ಬೈನ್ ಕಟ್ಟಡದ ಚಾವಣಿ ಕುಸಿಯಿತು. ಓಡಿದ ದಿನಗಳಿಗಿಂತ ನಿಂತ ದಿನಗಳೇ ಹೆಚ್ಚು. 1996ರಲ್ಲಿ ಮಾತ್ರ ಅದು ಚೆನ್ನಾಗಿ ನಡೆಯಿತು. ಆದರೆ 1997ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅದರ ಪರವಾನಗಿಯನ್ನೇ ರದ್ದು ಮಾಡಿತು. ಅಂದರೆ ಜೋಸ್ಪಾನ್ ಘೋಷಣೆ ಮಾಡಿದ ದಿನ ಅದು ಓಡುತ್ತಿರಲಿಲ್ಲ. ಅಂತಿಮ ಆದೇಶ ಬಂದದ್ದು 1998ರ ಡಿಸೆಂಬರ್‌ನಲ್ಲಿ.

ಇಲ್ಲಿ ನಮಗೂ ಒಂದು ನಂಟಿದೆ. ಕಲ್ಪಾಕಂನಲ್ಲಿ 1985ರಲ್ಲಿ ಚಾಲೂ ಆದ ಪ್ರಾಯೋಗಿಕ ಬ್ರೀಡರ್ ರಿಯಾಕ್ಟರನ್ನು ಫ್ರೆಂಚರ ‘ರಾಪ್ಸೊಡಿ’ ಎಂಬ ರಿಯಾಕ್ಟರಿನ ವಿನ್ಯಾಸ ಆಧರಿಸಿ, ಅವರ ಸಹಕಾರದಲ್ಲೇ ಕಟ್ಟಿದ್ದು. ಅದೇ ಆವರಣದಲ್ಲಿ ನಂತರ ಎದ್ದ 500 ಮೆಗಾವಾಟ್‌ನ ಬ್ರೀಡರ್‌ಗೆ 2024ರ ಮಾರ್ಚ್‌ನಲ್ಲಿ ಗರ್ಭ ತುಂಬುವ (‘ಕೋರ್ ಲೋಡಿಂಗ್’) ಕೆಲಸ ಆರಂಭವಾಯಿತು. ಫ್ರಾನ್ಸ್ ಬಿಟ್ಟ ದಾರಿಯಲ್ಲಿ ಭಾರತ ಹೆಜ್ಜೆ ಇಡುತ್ತಲೇ ಇದೆ. ಸೂಪರ್‌ಫೀನಿಕ್ಸ್ ಮುಚ್ಚಿದ್ದು ತಪ್ಪು, ದಶಕಗಳ ಅನುಭವ ಮಣ್ಣುಪಾಲಾಯಿತು ಎನ್ನುವ ಎಂಜಿನಿಯರುಗಳು ಫ್ರಾನ್ಸಿನಲ್ಲಿ ಈಗಲೂ ಇದ್ದಾರೆ. 2023ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯೊಂದು ಜೋಸ್ಪಾನ್, ವಾಯ್ನೆ ಇಬ್ಬರನ್ನೂ ಕರೆಸಿ ಈ ಬಗ್ಗೆ ಪ್ರಶ್ನಿಸಿತು. ವಾದ ಗಂಭೀರವಾದದ್ದೇ. ಆದರೆ ಮುಚ್ಚಿದ್ದು ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಎಂದು ಹೇಳಿದರೆ ಮಾತ್ರ ಅದು ಅರ್ಧಸತ್ಯ.

ಈ ಎರಡು ಗೆಲುವುಗಳ ಪಕ್ಕದಲ್ಲಿ ಏನು ಆಗಲಿಲ್ಲ ಎಂಬುದನ್ನೂ ಇಡಬೇಕು. ಫ್ರಾನ್ಸಿನ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲು ಪರಮಾಣುವಿನಿಂದ ಬರುತ್ತಿತ್ತು. ಆ ಮುಕ್ಕಾಲು ಹಾಗೇ ಉಳಿಯಿತು. ಅಷ್ಟೇ ಅಲ್ಲ, ಬ್ಯೂರ್ ಎಂಬ ಹಳ್ಳಿಯ ನೆಲದಾಳದಲ್ಲಿ ಪರಮಾಣು ತ್ಯಾಜ್ಯ ಹೂಳುವ ಬಗ್ಗೆ ಸಂಶೋಧನೆ ನಡೆಸುವ ಪ್ರಯೋಗಾಲಯಕ್ಕೆ 1999ರ ಆಗಸ್ಟ್‌ನಲ್ಲಿ ಹೊರಟ ಆದೇಶದಲ್ಲಿ ವಾಯ್ನೆ ಅವರ ಸಹಿಯೂ ಇತ್ತು. ಅವರದೇ ಕಾರ್ಯಕರ್ತರು ಇದನ್ನು ಮರೆಯಲಿಲ್ಲ. ಆ ಸಹಿ ಕಾಲುವೆಗೆ ತೆತ್ತ ಬೆಲೆಯೇ? ಹಾಗೆ ನೇರವಾಗಿ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ಆದರೆ ಮೈತ್ರಿ ಸರ್ಕಾರ ಎಂದರೆ ಇಂಥ ಸಹಿಗಳೂ ಸೇರಿದ್ದೇ.

ಉಳಿದ ಕೆಲಸಗಳಲ್ಲಿ ಕೆಲವು ಕಣ್ಣಿಗೆ ಬಿದ್ದವು. 1997ರ ಅಕ್ಟೋಬರ್ 1ರಂದು ಹೊಗೆಯ ಪ್ರಮಾಣ ಮೇರೆ ಮೀರಿದಾಗ ಪ್ಯಾರಿಸ್‌ನಲ್ಲಿ ಬೆಸ ಸಂಖ್ಯೆಯ ಕಾರುಗಳಷ್ಟೇ ರಸ್ತೆಗಿಳಿದವು, ಬಸ್ಸು-ಮೆಟ್ರೋ ಉಚಿತವಾದವು. ದಿಲ್ಲಿಯ ಸಮ-ಬೆಸ ಪ್ರಯೋಗ ಕಂಡವರಿಗೆ ಇದು ಹೊಸದಲ್ಲ, ಆಗ ಪ್ಯಾರಿಸ್ಸಿಗೆ ಹೊಸದು. ಹಿಂದಿನ ಸರ್ಕಾರ ತಡೆಹಿಡಿದಿದ್ದ ಯುರೋಪಿನ ‘ನಾಚುರಾ 2000’ ಸಂರಕ್ಷಿತ ತಾಣಗಳ ಪಟ್ಟಿ ಮತ್ತೆ ಚಾಲನೆ ಪಡೆಯಿತು. ಇದರಿಂದ ಬೇಟೆಗಾರರು ಕೆರಳಿದರು. ಅಲ್ಲಿ ಬೇಟೆ ಕೇವಲ ಶ್ರೀಮಂತರ ಹವ್ಯಾಸವಲ್ಲ. ಹಳ್ಳಿಹಳ್ಳಿಯಲ್ಲಿ ಸಂಘಗಳಿವೆ, ಅವುಗಳದೇ ಒಂದು ರಾಜಕೀಯ ಪಕ್ಷವೂ ಇತ್ತು. ವಲಸೆ ಹಕ್ಕಿಗಳ ಬೇಟೆಗೆ ಯುರೋಪಿನ ಕಾಯ್ದೆ ಹಾಕಿದ ಮಿತಿಯನ್ನು ಫ್ರಾನ್ಸಿನಲ್ಲಿ ಜಾರಿ ಮಾಡಲು ಹೊರಟ ಸಚಿವೆ ಅವರಿಗೆ ಶತ್ರುವಾದರು. 1999ರ ಫೆಬ್ರುವರಿಯಲ್ಲಿ ರೈತ ಸಂಘಟನೆಯವರ ಗುಂಪೊಂದು ಸಚಿವಾಲಯಕ್ಕೆ ನುಗ್ಗಿ ಅವರ ಕೊಠಡಿಯನ್ನೇ ಧ್ವಂಸ ಮಾಡಿತು. ಹೆಣ್ಣೆಂಬ ಕಾರಣಕ್ಕೆ ಅವರಿಗೆ ಕೇಳಬೇಕಾಗಿ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಗಂಡಸು ಸಚಿವರಾಗಿದ್ದರೆ ಆ ಮಾತುಗಳು ಬರುತ್ತಿರಲಿಲ್ಲ ಎಂಬುದಂತೂ ಖಚಿತ.

ಇಷ್ಟಾಗಿ ಜನರ ನೆನಪಿನಲ್ಲಿ ಉಳಿದದ್ದು ಒಂದು ವಾಕ್ಯ. 1999ರ ಡಿಸೆಂಬರ್ 12ರಂದು ಎರಿಕಾ ಎಂಬ ಹಳೆಯ ತೈಲ ಹಡಗು ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದ ಕಡಲಿನಲ್ಲಿ ಎರಡು ತುಂಡಾಯಿತು. ಅದರಲ್ಲಿದ್ದ ಸುಮಾರು 31,000 ಟನ್ ಗಟ್ಟಿ ಎಣ್ಣೆಯಲ್ಲಿ 20,000 ಟನ್‌ನಷ್ಟು ಸಮುದ್ರ ಸೇರಿತು. ವಾಯ್ನೆ ಆಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಪ್ರವಾಸದಲ್ಲಿದ್ದರು. ಎಣ್ಣೆ ಇನ್ನೂ ದಡಕ್ಕೆ ಬಂದಿರಲಿಲ್ಲ. ಇದು ಶತಮಾನದ ಪರಿಸರ ದುರಂತವೇನಲ್ಲ ಎಂದರು. ಕ್ರಿಸ್‌ಮಸ್ ಹೊತ್ತಿಗೆ ನೂರಾರು ಕಿಲೋಮೀಟರ್ ತೀರ ಕಪ್ಪಾಗಿತ್ತು, ಹಕ್ಕಿಗಳು ರಾಶಿ ರಾಶಿಯಾಗಿ ಸತ್ತು ಬೀಳುತ್ತಿದ್ದವು. ಟನ್ ಲೆಕ್ಕದಲ್ಲಿ ನೋಡಿದರೆ ಆ ವಾಕ್ಯ ಸುಳ್ಳಲ್ಲ: 1978ರಲ್ಲಿ ಅದೇ ಕರಾವಳಿಯಲ್ಲಿ ಒಡೆದ ಅಮೊಕೊ ಕಾಡಿಜ್ ಹಡಗಿನಿಂದ ಹರಿದದ್ದು ಎರಡು ಲಕ್ಷ ಟನ್‌ಗೂ ಹೆಚ್ಚು. ಆದರೆ ಸಲಿಕೆ, ಬಕೆಟ್ಟು ಹಿಡಿದು ಎಣ್ಣೆ ಗೋರಲು ನಿಂತವರಿಗೆ ಪರಿಸರ ಸಚಿವೆಯ ಬಾಯಿಂದ ಕೇಳಬೇಕಾದ ಮಾತು ಅದಾಗಿರಲಿಲ್ಲ. ತಪ್ಪು ಅವರದೇ. ನಾಲ್ಕು ವರ್ಷದ ಕೆಲಸಕ್ಕಿಂತ ಆ ಒಂದು ವಾಕ್ಯ ಭಾರವಾದದ್ದು ಮಾತ್ರ ನ್ಯಾಯವಲ್ಲ ಅನ್ನಿಸುತ್ತದೆ.

ನಾನು ಹೆಚ್ಚು ತೂಕ ಕೊಡುವುದು ಇನ್ನೊಂದು ಘಟನೆಗೆ. 2000ದ ನವೆಂಬರ್‌ನಲ್ಲಿ, ಭೂಮಿಯ ಬಿಸಿ ಏರಿಸುವ ಹೊಗೆಯನ್ನು ಕಡಿತಗೊಳಿಸುವ ಕ್ಯೋಟೋ ಒಪ್ಪಂದದ ನಿಯಮ ರೂಪಿಸಲು ದೇಶಗಳು ದಿ ಹೇಗ್ ನಗರದಲ್ಲಿ ಸೇರಿದವು. ಆ ಆರು ತಿಂಗಳು ಐರೋಪ್ಯ ಒಕ್ಕೂಟದ ಅಧ್ಯಕ್ಷತೆ ಫ್ರಾನ್ಸಿನದು, ಹಾಗಾಗಿ ಯುರೋಪಿನ ಪರ ಮಾತುಕತೆಗೆ ಕೂತದ್ದು ವಾಯ್ನೆ. ತನ್ನ ಕಾಡು, ಹೊಲಗಳು ಹೀರಿಕೊಳ್ಳುವ ಇಂಗಾಲವನ್ನು ಲೆಕ್ಕಕ್ಕೆ ಹಿಡಿದು ಹೊಗೆ ಕಡಿತದ ಹೊಣೆ ಇಳಿಸಿಕೊಳ್ಳಬೇಕೆಂದು ಅಮೆರಿಕ ಪಟ್ಟು ಹಿಡಿಯಿತು. ಕೊನೆಯ ರಾತ್ರಿ ಬ್ರಿಟನ್ನಿನ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಒಂದು ರಾಜಿ ಸೂತ್ರ ತಂದರು. ಯುರೋಪಿನ ಹಲವು ದೇಶಗಳು ಒಪ್ಪಲಿಲ್ಲ, ಸಭೆ ಮುರಿದುಬಿತ್ತು. ಆಕೆ ದಣಿದಿದ್ದರು, ವಿವರ ಅರ್ಥವಾಗಲಿಲ್ಲ ಎಂದು ಪ್ರೆಸ್ಕಾಟ್ ಬಹಿರಂಗವಾಗಿಯೇ ದೂರಿದರು. ಇದು ಗಂಡಸಿನ ದರ್ಪ ಎಂದು ವಾಯ್ನೆ ತಿರುಗೇಟು ಕೊಟ್ಟರು. ಮರುವರ್ಷ ಜಾರ್ಜ್ ಬುಷ್ ಅಮೆರಿಕವನ್ನೇ ಕ್ಯೋಟೋದಿಂದ ಹೊರಗೆಳೆದರು. ಜುಲೈನಲ್ಲಿ ಬಾನ್ ನಗರದಲ್ಲಿ ಉಳಿದವರು ಒಪ್ಪಿಕೊಂಡದ್ದರಲ್ಲಿ ಕಾಡುಗಳ ಲೆಕ್ಕಕ್ಕೆ ಧಾರಾಳ ರಿಯಾಯಿತಿ ಇತ್ತು. ಹೇಗ್‌ನಲ್ಲೇ ಒಪ್ಪಿದ್ದರೆ ಅಮೆರಿಕ ಉಳಿಯುತ್ತಿತ್ತೇ? ಬುಷ್ ಬಂದ ಮೇಲೆ ಉಳಿಯುತ್ತಿತ್ತು ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

2001ರ ಜುಲೈನಲ್ಲಿ ಪಕ್ಷದ ನಾಯಕತ್ವ ವಹಿಸಿಕೊಳ್ಳಲು ಅವರು ಸಚಿವ ಸ್ಥಾನ ಬಿಟ್ಟರು, ಸಹೋದ್ಯೋಗಿ ಈವ್ ಕೊಶೆ ಆ ಜಾಗಕ್ಕೆ ಬಂದರು. ಮರುವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಎಡಪಂಥದ ಮತ ಹಲವು ಪಾಲಾಗಿ, ಶೇ. 16.18 ಪಡೆದ ಜೋಸ್ಪಾನ್ ಅವರನ್ನು ಹಿಂದಿಕ್ಕಿ ತೀವ್ರ ಬಲಪಂಥದ ಜಾನ್-ಮರಿ ಲೆ ಪೆನ್ ಎರಡನೆಯ ಸುತ್ತಿಗೆ ಹೋದರು. ಹಸಿರು ಅಭ್ಯರ್ಥಿ ನೊಯೆಲ್ ಮಾಮೇರ್‌ಗೆ ಆಗ ಸಿಕ್ಕಿದ್ದು ಶೇ. 5.25, ಅಧ್ಯಕ್ಷ ಚುನಾವಣೆಯಲ್ಲಿ ಪರಿಸರವಾದಿಗಳು ಕಂಡ ಅತಿ ಹೆಚ್ಚಿನ ಪಾಲು. ಆ ಐದರ ಗೆರೆಗೆ ಹಣದ ಅರ್ಥವೂ ಇದೆ. ಶೇ. 5 ದಾಟಿದ ಅಭ್ಯರ್ಥಿಗೆ ಪ್ರಚಾರ ವೆಚ್ಚದ ದೊಡ್ಡ ಪಾಲನ್ನು ಸರ್ಕಾರ ಮರಳಿಸುತ್ತದೆ, ದಾಟದಿದ್ದರೆ ಸಿಗುವುದು ಅಲ್ಪ. 2022ರಲ್ಲಿ ಯಾನಿಕ್ ಜಾದೊ ಶೇ. 4.63ರಲ್ಲಿ ನಿಂತುಬಿಟ್ಟಾಗ ಪಕ್ಷ ಸಾರ್ವಜನಿಕರ ಮುಂದೆ ಕೈಚಾಚಬೇಕಾಯಿತು.

ವಾಯ್ನೆ 2002ರಲ್ಲಿ ದೋಲ್‌ನಲ್ಲಿ ಸೋತರು. 2004ರಲ್ಲಿ ಪ್ಯಾರಿಸ್ ಪಕ್ಕದ ಸೇನ್-ಸ್ಯಾಂ-ದೆನಿ ಜಿಲ್ಲೆಯಿಂದ ಸೆನೆಟರ್ ಆದರು. 2007ರಲ್ಲಿ ಮತ್ತೆ ಅಧ್ಯಕ್ಷ ಚುನಾವಣೆಗೆ ನಿಂತಾಗ ಬಂದದ್ದು ಶೇ. 1.57. ಲೆ ಪೆನ್ ಭಯಕ್ಕೆ ಎಡಪಂಥದ ಮತದಾರರು ಮೊದಲ ಸುತ್ತಿನಲ್ಲೇ ದೊಡ್ಡ ಪಕ್ಷದ ಕಡೆ ವಾಲಿದ್ದರು. ಜೊತೆಗೆ ಟಿ.ವಿ. ನಿರೂಪಕ ನಿಕೊಲಾ ಉಲೊ ಮುಂದಿಟ್ಟ ಪರಿಸರ ಕರಾರಿಗೆ ಹೆಚ್ಚಿನ ಪ್ರಮುಖ ಅಭ್ಯರ್ಥಿಗಳು ಸಹಿ ಹಾಕಿದ್ದರು. ಎಲ್ಲರೂ ಹಸಿರು ಬಣ್ಣ ಹಚ್ಚಿಕೊಂಡ ವರ್ಷದಲ್ಲಿ ಹಸಿರು ಪಕ್ಷಕ್ಕೇ ಮತ ಇಲ್ಲದಾಯಿತು. ಮರುವರ್ಷ ವಾಯ್ನೆ ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಮೊಂತ್ರೋಯ್ ನಗರದಲ್ಲಿ 1984ರಿಂದ ಮೇಯರ್ ಆಗಿದ್ದವರನ್ನು ಸೋಲಿಸಿ ಮೇಯರ್ ಆದರು, ಒಂದೇ ಅವಧಿಗೆ. ಆಮೇಲೆ ಸರ್ಕಾರಿ ಸೇವೆ. 2020ರಲ್ಲಿ, ಕೋವಿಡ್ ಹೊತ್ತಿಗೆ, ಆಫ್ರಿಕಾದ ಪಕ್ಕದಲ್ಲಿರುವ ಫ್ರಾನ್ಸಿನ ಬಡ ದ್ವೀಪ ಮಾಯೊತ್‌ನ ಆರೋಗ್ಯ ಆಡಳಿತ ಅವರ ಕೈಯಲ್ಲಿತ್ತು.

2024ರ ಜೂನ್ 9ರಂದು ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್, ಶಿರಾಕ್ ಅವರಂತೆಯೇ, ಯಾರೂ ಎಣಿಸದ ಹೊತ್ತಿನಲ್ಲಿ ಸಂಸತ್ ವಿಸರ್ಜಿಸಿದರು. ಎಡಪಕ್ಷಗಳು ಕೆಲವೇ ದಿನಗಳಲ್ಲಿ ಕೂತು ‘ಹೊಸ ಜನತಾ ರಂಗ’ ಕಟ್ಟಿ ಸೀಟು ಹಂಚಿಕೊಂಡವು. ಒಂದು ಕ್ಷೇತ್ರಕ್ಕೆ ಒಬ್ಬರೇ ಅಭ್ಯರ್ಥಿ, ಮೊದಲ ಸುತ್ತಿನಿಂದಲೇ. 1997ರಲ್ಲಿ ವಾಯ್ನೆ ಮಾಡಿದ್ದ ಲೆಕ್ಕ ಅದೇ. ಈ ಬಾರಿ ಬೆಸಾಂಸೊನ್ ಸೇರಿದ ದೂ ಜಿಲ್ಲೆಯ ಎರಡನೆಯ ಕ್ಷೇತ್ರ ಅವರ ಪಾಲಿಗೆ ಬಂತು. ಜುಲೈ 7ರಂದು ಗೆದ್ದು, ಅರವತ್ತೈದರ ವಯಸ್ಸಿನಲ್ಲಿ ಮತ್ತೆ ಸಂಸದೆಯಾದರು. ಬೆಸಾಂಸೊನ್‌ನ ಹಳೆಯ ಪೇಟೆಯನ್ನು ಕುದುರೆ ಲಾಳದ ಹಾಗೆ ಬಳಸಿ ಹರಿಯುವುದು ದೂ ನದಿ, ಅದರ ತಿರುವುಗಳು ಇದ್ದಹಾಗೇ ಇವೆ.